ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ದೇಶ

ಟೌರಂಗ, ನ್ಯೂಜಿಲೆಂಡ್
ಜನವರಿ 2026

ತೀರ್ಥರೂಪು ಅಪ್ಪನವರ ಪಾದಗಳಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರಬೇಕಾಗಿ ಬೇಡಿಕೆ.

ಭಾರತಕ್ಕೂ ನ್ಯೂಜಿಲೆಂಡಿಗೂ ಮುಕ್ತ ವ್ಯಾಪಾರ ಒಪ್ಪಂದ ಕುದುರಿದೆಯೆಂಬ ಸುದ್ದಿ ಕೇಳಿ, ಅಲ್ಲಿಯ ಹಾಲಿನ ಪುಡಿ ಬಂದು ನಮ್ಮ ಹಾಲಿನ ರೇಟು ಬೀಳುವುದೇ ಎಂದು ಡೈರಿಯಲ್ಲಿ ಎಲ್ಲರೂ ಕೇಳುತ್ತಿದ್ದಾರೆಂದು ಹೇಳಿದಿರಿ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವೆನಿಸಿ, ಬಂದರಿನ ಕಾಗದಪತ್ರಗಳ ನಡುವೆಯೇ ದಿನ ಕಳೆಯುವ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಕಳೆದ ಡಿಸೆಂಬರಿನಲ್ಲಿ ಮಾತುಕತೆ ಮುಗಿಯಿತೆಂದು ಎರಡೂ ಸರ್ಕಾರಗಳು ಘೋಷಿಸಿದ ಒಪ್ಪಂದದಲ್ಲಿ ಹಾಲು, ಬೆಣ್ಣೆ, ಚೀಸ್, ಹಾಲಿನ ಪುಡಿ ಇಂಥ ಮುಖ್ಯ ಪದಾರ್ಥಗಳಿಗೆ ಭಾರತ ಬಾಗಿಲು ತೆರೆದಿಲ್ಲ. ಹಾಲಿನ ಪುಡಿಯ ಮೇಲಿನ ಶೇ. 60ರ ಸುಂಕ ಹಾಗೆಯೇ ಉಳಿಯುತ್ತದೆ. ಇಲ್ಲಿಯ ಆಳುವ ಮೈತ್ರಿಕೂಟದಲ್ಲಿರುವ ನ್ಯೂಜಿಲೆಂಡ್ ಫಸ್ಟ್ ಪಕ್ಷವೇ, ಹಾಲನ್ನು ಹೊರಗಿಟ್ಟ ಒಪ್ಪಂದ ನಮಗೆ ಬೇಡವೆಂದು ಬಹಿರಂಗವಾಗಿ ವಿರೋಧಿಸಿತು. ಇವರಿಗೆ ಅಷ್ಟು ಬೇಸರವಾಗಿದೆಯೆಂದರೆ ನಮ್ಮವರು ಎಷ್ಟು ಬಿಗಿಯಾಗಿ ನಿಂತಿರಬೇಕೆಂದು ನೀವೇ ಊಹಿಸಬಹುದು.

ಇವರಿಗೆ ಭಾರತದ ಮೇಲೆ ಇಷ್ಟೊಂದು ಆಸೆ ಏಕೆಂಬುದು ತಿಳಿಯಬೇಕಾದರೆ ಇವರ ವ್ಯಾಪಾರದ ಹಳೆಯ ಕಥೆಯನ್ನು ಸ್ವಲ್ಪ ನೋಡಬೇಕು. 1882ರಲ್ಲಿ ಡ್ಯುನೆಡಿನ್ ಎಂಬ ಹಡಗು ಶೀತಲ ಯಂತ್ರದ ನೆರವಿನಿಂದ ಕುರಿ ಮಾಂಸವನ್ನು ಕೆಡದಂತೆ ಲಂಡನ್ನಿಗೆ ಮುಟ್ಟಿಸಿದಾಗಿನಿಂದ ಈ ದೇಶ ಬ್ರಿಟನ್ನಿನ ದೂರದ ಹುಲ್ಲುಗಾವಲಾಯಿತು. ಮಾಂಸ, ಬೆಣ್ಣೆ, ಚೀಸ್, ಉಣ್ಣೆ ಅಲ್ಲಿಗೆ ಹೋಗುತ್ತಿದ್ದವು. ಯಂತ್ರ, ಬಟ್ಟೆ, ಕಾರು ಅಲ್ಲಿಂದ ಬರುತ್ತಿದ್ದವು. ಕಳೆದ ಶತಮಾನದ ಮೊದಲರ್ಧದಲ್ಲಿ ಒಟ್ಟು ರಫ್ತಿನ ಅರ್ಧಕ್ಕೂ ಹೆಚ್ಚು ಪಾಲನ್ನು ಬ್ರಿಟನ್ ಒಂದೇ ಕೊಳ್ಳುತ್ತಿತ್ತು. 1973ರ ಜನವರಿ 1ರಂದು ಆ ಗಿರಾಕಿ ಯುರೋಪಿನ ಸಾಮಾನ್ಯ ಮಾರುಕಟ್ಟೆಗೆ ಸೇರಿಕೊಂಡು, ತನ್ನ ಬೆಣ್ಣೆಯನ್ನು ನೆರೆಹೊರೆಯಲ್ಲೇ ಕೊಳ್ಳತೊಡಗಿತು. ಕೆಲವು ವರ್ಷ ಕೋಟಾ ಕೊಟ್ಟು ಸಮಾಧಾನ ಮಾಡಿದರಾದರೂ ಹಳೆಯ ನೆಂಟಸ್ತಿಕೆ ಮುಗಿದಿತ್ತು. ಅದೇ ವರ್ಷ ತೈಲದ ಬೆಲೆಯೂ ಏರಿದ್ದರಿಂದ ರಫ್ತಿನ ಕಡೆಯಿಂದಲೂ ಆಮದಿನ ಕಡೆಯಿಂದಲೂ ಏಕಕಾಲಕ್ಕೆ ಪೆಟ್ಟು ಬಿತ್ತು. ಸಬ್ಸಿಡಿ ಕೊಟ್ಟು ರೈತರನ್ನು ಕೆಲವು ಕಾಲ ತೇಲಿಸಿದ ಸರ್ಕಾರ, 1984ರ ನಂತರ ಅದನ್ನೂ ಹೆಚ್ಚುಕಡಿಮೆ ಪೂರ್ತಿ ಕಿತ್ತುಹಾಕಿತು. 1982ರಲ್ಲಿ 7 ಕೋಟಿಯಷ್ಟಿದ್ದ ಕುರಿಗಳು ಈಗ ಎರಡೂವರೆ ಕೋಟಿಯೂ ಇಲ್ಲ. ಕುರಿ ಬಿಟ್ಟ ಎಷ್ಟೋ ಹುಲ್ಲುಗಾವಲಿನಲ್ಲಿ ಈಗ ಹಸು ಮೇಯುತ್ತಿದೆ.

ಇಷ್ಟು ಹಾಲನ್ನು ಕುಡಿಯುವವರು ಯಾರು? ಇಲ್ಲಿರುವ ಸುಮಾರು 53 ಲಕ್ಷ ಜನರಂತೂ ಅಲ್ಲ. ಉತ್ಪಾದನೆಯ ಶೇ. 95ರಷ್ಟು ಹೊರದೇಶಕ್ಕೆ ಹೋಗಲೇಬೇಕು. ಬ್ರಿಟನ್ ಬಿಟ್ಟ ಜಾಗಕ್ಕೆ ಬಂದದ್ದು ಚೀನಾ. ಮುಂದುವರಿದ ದೇಶಗಳ ಪೈಕಿ ಚೀನಾದೊಡನೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡ ಮೊದಲ ದೇಶ ನ್ಯೂಜಿಲೆಂಡ್, ಅದು 2008ರಲ್ಲಿ. ಅದೇ ವರ್ಷ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ ಹಾಲಿನ ಪುಡಿಯಿಂದ ಅಲ್ಲಿ ಮಕ್ಕಳು ಸತ್ತ ಹಗರಣ ಹೊರಬಿದ್ದು, ಚೀನಾದ ತಂದೆತಾಯಿಗಳು ತಮ್ಮ ದೇಶದ ಪುಡಿಯನ್ನೇ ನಂಬದಾದರು. 2013ರ ಹೊತ್ತಿಗೆ ಚೀನಾ ಆಸ್ಟ್ರೇಲಿಯಾವನ್ನು ಹಿಂದಿಕ್ಕಿ ನ್ಯೂಜಿಲೆಂಡಿನ ಅತಿ ದೊಡ್ಡ ಗಿರಾಕಿಯಾಯಿತು. ಆ ಆಗಸ್ಟಿನಲ್ಲಿಯೇ, ಇಲ್ಲಿಯ ಅತಿ ದೊಡ್ಡ ಹಾಲಿನ ಸಹಕಾರಿಯಾದ ಫಾಂಟೆರಾದ ಒಂದು ಪದಾರ್ಥದಲ್ಲಿ ವಿಷಕಾರಿ ಬ್ಯಾಕ್ಟೀರಿಯಾ ಇದೆಯೆಂಬ ಸಂಶಯ ಹುಟ್ಟಿ, ಚೀನಾ ಕೆಲವು ಪುಡಿಗಳ ಆಮದನ್ನೇ ನಿಲ್ಲಿಸಿತು. ಆಮೇಲೆ ಪರೀಕ್ಷೆಯಲ್ಲಿ ಆ ಅಪಾಯಕಾರಿ ಬ್ಯಾಕ್ಟೀರಿಯಾ ಇರಲೇ ಇಲ್ಲವೆಂದು ಗೊತ್ತಾಯಿತು. ಆದರೆ ಒಂದು ಸಂಶಯಕ್ಕೆ ಇಡೀ ದೇಶ ಹೇಗೆ ನಡುಗಿತೆಂದು ನನ್ನ ಹಿರಿಯ ಸಹೋದ್ಯೋಗಿಗಳು ಈಗಲೂ ಹೇಳುತ್ತಾರೆ.

2024ರ ಜನವರಿಯಿಂದ ಚೀನಾದಲ್ಲಿ ಇಲ್ಲಿಯ ಹಾಲಿನ ಪುಡಿಗೆ ಸುಂಕವೇ ಇಲ್ಲ. ವಿಚಿತ್ರವೆಂದರೆ, ಬಾಗಿಲು ಪೂರ್ತಿ ತೆರೆಯುವ ಹೊತ್ತಿಗೆ ಒಳಗಿನ ಬೇಡಿಕೆ ತಗ್ಗಿತ್ತು: ಚೀನಾ ತಾನೇ ದೊಡ್ಡ ಡೈರಿಗಳನ್ನು ಕಟ್ಟಿಕೊಂಡಿತು, ಜೊತೆಗೆ ಅಲ್ಲಿ ಹುಟ್ಟುವ ಮಕ್ಕಳ ಸಂಖ್ಯೆಯೂ ಇಳಿಯಿತು. ಈಗಲೂ ಇಲ್ಲಿಯ ಸರಕು ರಫ್ತಿನ ಸುಮಾರು ನಾಲ್ಕನೇ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಆದರೆ ಇವರಿಗೆ ಭಯ ಹತ್ತಿದೆ. ಬ್ರಿಟನ್ನಿನೊಡನೆ 2023ರಲ್ಲಿ, ಯುರೋಪಿಯನ್ ಒಕ್ಕೂಟದೊಡನೆ 2024ರಲ್ಲಿ ಹೊಸ ಒಪ್ಪಂದಗಳು ಜಾರಿಗೆ ಬಂದದ್ದು ಆ ಭಯದಿಂದಲೇ ಎಂದು ನನ್ನ ಎಣಿಕೆ. 2024ರಲ್ಲಿ ಅಮೆರಿಕ ಎರಡನೇ ದೊಡ್ಡ ಗಿರಾಕಿಯಾಗಿ ಮೇಲೇರಿತು. ಮರುವರ್ಷವೇ ಮೊದಲು ಶೇ. 10, ನಂತರ ಶೇ. 15ರ ಸುಂಕ ಹೇರಿತು. ಹೀಗಿರುವಾಗ 140 ಕೋಟಿ ಜನರ ನಮ್ಮ ದೇಶದತ್ತ ಇವರು ಕಣ್ಣು ಹಾಯಿಸದೆ ಇರುತ್ತಾರೆಯೇ?

ಆಮದಿನ ಕಡೆ ನೋಡಿದರೆ ಕಥೆ ಇನ್ನೂ ಸ್ವಾರಸ್ಯವಾಗಿದೆ. ಕಾರು ಜೋಡಿಸುವ ಕೊನೆಯ ಕಾರ್ಖಾನೆಗಳು 1998ರಲ್ಲಿ ಮುಚ್ಚಿದವು. ದೇಶದ ಏಕೈಕ ತೈಲ ಶುದ್ಧೀಕರಣ ಘಟಕ, ಮಾರ್ಸ್ಡನ್ ಪಾಯಿಂಟ್, 2022ರಲ್ಲಿ ನಿಂತಿತು. ಈಗ ಪೆಟ್ರೋಲು, ಡೀಸೆಲ್ ಎಲ್ಲವೂ ಸಿದ್ಧವಾಗಿಯೇ ಹಡಗಿನಲ್ಲಿ ಬರಬೇಕು. ನಿಮಗೆ ನಗು ತರಿಸುವ ಸಂಗತಿಯೊಂದಿದೆ: ಹುಲ್ಲಿಗೆ ಹೆಸರಾದ ಈ ದೇಶ, ಇಂಡೋನೇಷ್ಯಾ, ಮಲೇಷ್ಯಾಗಳಿಂದ ತಾಳೆ ಬೀಜದ ಹಿಂಡಿಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ತರಿಸಿಕೊಳ್ಳುತ್ತದೆ. ನಮ್ಮ ಬಂದರಿನಲ್ಲಿ ಅದನ್ನು ಇಳಿಸುವಾಗ ಗಾಳಿ ಬೀಸಿದರೆ ಕಂದು ಧೂಳು ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲಿಯೇ ಚೀನಾಕ್ಕೆ ಹೊರಟ ಪೈನ್ ದಿಮ್ಮಿಗಳ ರಾಶಿ, ಅದರಾಚೆ ತಣ್ಣನೆಯ ಕಂಟೇನರುಗಳ ಗುಂಯ್‌ಗುಡುವ ಸದ್ದು. 25 ಕೆ.ಜಿ. ಪುಡಿ ಚೀಲಗಳ ಕಂಟೇನರಿಗೆ 0402 ಎಂಬ ಕೋಡ್ ಹಾಕಿ, ಹೋಗುವ ದೇಶದ ಹೆಸರು ಬರೆಯುವುದು ನನ್ನ ಕೆಲಸ. ಆ ಜಾಗದಲ್ಲಿ ಚೀನಾದ ಹೆಸರನ್ನು ಎಷ್ಟು ಸಲ ಬರೆಯುತ್ತೇನೋ ಲೆಕ್ಕವಿಲ್ಲ.

ಇನ್ನು ನಮ್ಮವರ ಆತಂಕದ ಬಗ್ಗೆ ನನ್ನ ಅಭಿಪ್ರಾಯ. ಇಲ್ಲಿಯ ಸರಾಸರಿ ಫಾರ್ಮಿನಲ್ಲಿ 400ಕ್ಕೂ ಹೆಚ್ಚು ಕರೆಯುವ ಹಸುಗಳಿವೆ. ನಮ್ಮ ಕೊಟ್ಟಿಗೆಯಲ್ಲಿ ಎರಡೋ ಮೂರೋ. ಆದರೂ ಇಡೀ ನ್ಯೂಜಿಲೆಂಡಿನ ಹಾಲು ಸೇರಿದರೂ ಭಾರತದ ಹಾಲಿನ ಹತ್ತರಲ್ಲಿ ಒಂದು ಪಾಲೂ ಆಗದು. ಆದ್ದರಿಂದ ಇವರ ಹಾಲು ಬಂದು ನಮ್ಮನ್ನು ಮುಳುಗಿಸುತ್ತದೆಂಬುದು ಅತಿಶಯೋಕ್ತಿ. ಭಯವಿರುವುದು ಬೇರೆ ಕಡೆ. ಹಾಲು ಹೆಚ್ಚಾಗುವ ತಿಂಗಳುಗಳಲ್ಲಿ ಮಿಗುವ ಹಾಲನ್ನು ನಮ್ಮ ಒಕ್ಕೂಟಗಳು ಪುಡಿ ಮಾಡಿ ಇಟ್ಟುಕೊಳ್ಳುತ್ತವೆ. ಅಗ್ಗದ ಪುಡಿ ಸ್ವಲ್ಪವೇ ಬಂದರೂ ಗೋದಾಮಿನ ದಾಸ್ತಾನು ಮಾರಾಟವಾಗದೆ ಉಳಿಯುತ್ತದೆ, ಆ ಹಣ ಸಿಕ್ಕಿಹಾಕಿಕೊಳ್ಳುತ್ತದೆ, ಒಕ್ಕೂಟ ರೈತರ ಲೀಟರಿನ ದರಕ್ಕೆ ಕೈಹಾಕುತ್ತದೆ. 2019ರ ನವೆಂಬರಿನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದದಿಂದ ಭಾರತ ಹಿಂದೆ ಸರಿಯಲು ಹಾಲು ಉತ್ಪಾದಕರ ಈ ಆತಂಕವೂ ಒಂದು ಕಾರಣವಾಗಿತ್ತು. ಆಗ ಹಿಂದೆ ಸರಿದದ್ದು ಸರಿಯೆಂದೇ ನಾನು ಇಲ್ಲಿ ಕುಳಿತೂ ಭಾವಿಸುತ್ತೇನೆ. ಇಲ್ಲಿಯ ಗೆಳೆಯರಿಗೆ ಇದು ಹಿಡಿಸುವುದಿಲ್ಲ.

ಈ ಸಲದ ಒಪ್ಪಂದದಲ್ಲಿ ಸೇಬು, ಕಿವಿ ಹಣ್ಣುಗಳಿಗೆ ಸುಂಕದ ರಿಯಾಯಿತಿ ಇದೆ. ಚಿಂತೆ ಮಾಡಬೇಕಾದವರು ಸದ್ಯಕ್ಕೆ ಹಿಮಾಚಲ, ಕಾಶ್ಮೀರದ ತೋಟದವರು. ಇದನ್ನು ಡೈರಿಯ ಕಾರ್ಯದರ್ಶಿಗಳಿಗೂ ಓದಿ ಹೇಳಿ. ಒಕ್ಕೂಟದಲ್ಲಿ ಪುಡಿಯ ದಾಸ್ತಾನು ಈಗ ಹೆಚ್ಚಿದೆಯೇ, ಲೀಟರಿಗೆ ಎಷ್ಟು ಕೊಡುತ್ತಿದ್ದಾರೆ, ಸರ್ಕಾರದ ಪ್ರೋತ್ಸಾಹಧನ ಬಾಕಿ ಉಳಿಯದೆ ಬರುತ್ತಿದೆಯೇ ಎಂಬುದನ್ನು ಮರೆಯದೆ ತಿಳಿಸಿ. ಅಮ್ಮನಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಮಗಳು,
ಸುಮಾ