ಆಕಾಶ ಕೊಟ್ಟ ರಜೆ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಜುಲೈ ತಿಂಗಳ ಸಂಜೆಗಳಲ್ಲಿ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳೆಲ್ಲ ಒಂದು ಆದೇಶದ ದಾರಿ ಕಾಯುತ್ತಿರುತ್ತವೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಘೋಷಿಸಿದರೆ, ಎಂದರೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯಬಹುದೆಂದು ಎಚ್ಚರಿಸಿದರೆ, ಜಿಲ್ಲಾಧಿಕಾರಿಗಳು ಅಂಗನವಾಡಿಯಿಂದ ಹಿಡಿದು ಶಾಲೆ, ಪದವಿಪೂರ್ವ ಕಾಲೇಜುಗಳವರೆಗೆ ರಜೆ ಸಾರುತ್ತಾರೆ. ಆ ಆದೇಶದ ಪ್ರತಿ ರಾತ್ರಿಯ ಊಟದ ಹೊತ್ತಿಗೋ ಬೆಳಗಿನ ಜಾವಕ್ಕೋ ವಾಟ್ಸಾಪಿನಲ್ಲಿ ಮನೆಮನೆಗೆ ತಲುಪುತ್ತದೆ. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವವರೂ ಇರುವುದರಿಂದ, ಶಾಲೆಯ ಗುಂಪಿನಲ್ಲಿ ಶಿಕ್ಷಕರ ಸಂದೇಶ ಕಾಣುವವರೆಗೆ ತಾಯಂದಿರು ಅದನ್ನು ನಂಬುವುದಿಲ್ಲ.

ಈ ರಜೆಯನ್ನು ಮಕ್ಕಳ ಸಂಭ್ರಮಕ್ಕಾಗಿ ಕೊಡುವುದಲ್ಲ ಎಂಬುದನ್ನು ನಾವು ಮರೆಯಬಾರದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ನೀರುಪಾಲಾದಳು. ಅಡಿಕೆ ಮರದ ಕಾಂಡಗಳನ್ನೋ ಹಲಗೆಗಳನ್ನೋ ಜೋಡಿಸಿದ ಅಂಥ ಸಂಕಗಳ ಮೇಲೆ ಇಂದಿಗೂ ಮಕ್ಕಳು ಶಾಲೆಗೆ ನಡೆದುಹೋಗುವ ಊರುಗಳಿವೆ. ತೋಡು ತುಂಬಿದ ದಿನ ಮಗು ಮನೆಯಲ್ಲಿರಲಿ ಎಂಬ ಕಾಳಜಿಯಿಂದ ಹೊರಟ ಆದೇಶವೇ, ಎಲ್ಲರೂ ಕ್ಷೇಮವಾಗಿ ಒಂದೇ ಸೂರಿನಡಿ ಉಳಿದ ಮನೆಗಳಲ್ಲಿ ಒಂದು ಹಬ್ಬವಾಗಿ ಮಾರ್ಪಡುತ್ತದೆ. ಆ ಹಬ್ಬದ ಬಗ್ಗೆ, ಬಾಸ್ಟನ್ ಕಡೆಯ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯಲ್ಲಿ ಬರೆಯಬೇಕೆಂದು ನನಗೆ ಬಲವಾಗಿ ಅನ್ನಿಸಿದೆ.

ಈ ಸಲ ಮಕ್ಕಳೊಂದಿಗೆ ಊರಿಗೆ ಹೋಗಿದ್ದಾಗ ಬಾರ್ಕೂರಿನ ನಮ್ಮ ಮನೆಗೂ ಅಂಥದೊಂದು ರಜೆ ಬಂತು. ಶಾಲೆಯ ಚೀಲ ಕಟ್ಟಿಟ್ಟು ಮಲಗಿದ್ದ ತಮ್ಮನ ಮಗ ಬೆಳಗ್ಗೆ ಎದ್ದು ಸುದ್ದಿ ತಿಳಿದವನೇ ಮತ್ತೆ ಕಂಬಳಿಯೊಳಗೆ ಸೇರಿಕೊಂಡ. ದಾರಿಗೆ ಮರ ಬಿದ್ದು ಬಸ್ಸು ನಿಂತದ್ದರಿಂದ ತಮ್ಮನೂ ಕೆಲಸಕ್ಕೆ ಹೋಗಲಾಗದೆ ಉಳಿದ. ಆಗುಂಬೆಯ ಕಡೆಯ ಕಾಡುಗಳಿಂದ ಇಳಿದು ಬರುವ ಸೀತಾನದಿ ದಡ ಮೀರುವಂತೆ ಹರಿಯುತ್ತಿದ್ದುದರಿಂದ, "ಮಕ್ಳೇ, ಹೊಳಿ ಬದಿಗ್ ಹೋಪುಕಾಗ" ಎಂದು ಅಮ್ಮ ಬೆಳಗ್ಗೆಯೇ ಕಟ್ಟಪ್ಪಣೆ ಮಾಡಿದ್ದರು. ಹತ್ತು ಗಂಟೆಗೆ ವಿದ್ಯುತ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೊಬೈಲುಗಳೂ ಒಂದೊಂದಾಗಿ ಆರಿದವು.

ಅನಂತರದ ಆ ಹಗಲನ್ನು ವಿವರವಾಗಿ ಹೇಳಬೇಕು. ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯಿತು. ಎರಡು ಸಾಲಿನಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳು, ಒಂದೊಂದು ಗುಳಿಗೆ ನಾಲ್ಕು ನಾಲ್ಕು ಕೆಂಪು ಮಂಜೊಟ್ಟಿ ಬೀಜಗಳು. ಕರಾವಳಿಯಲ್ಲಿ ಇದು ಆಟಿ ತಿಂಗಳ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳ, ಆಟ; ನಾಟಿಯ ಕೆಲಸ ಮುಗಿದು, ಮಳೆಯಿಂದ ಹೊರಗೆ ಕಾಲಿಡಲಾಗದೆ ಕೂತ ದಿನಗಳಿಗೆಂದೇ ಬೆಳೆದು ಬಂದದ್ದು. ಅಮೆರಿಕದಲ್ಲಿ ಹುಟ್ಟಿದ ನನ್ನ ಮಗಳಿಗೆ ಅಮ್ಮ ಬೀಜ ಹಂಚುವುದನ್ನು ಕಲಿಸುತ್ತ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತಿದ್ದರು. ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ಎಷ್ಟು ಹೇಳಿಕೊಟ್ಟರೂ ನಾಲಿಗೆಗೆ ಹತ್ತದ ಕನ್ನಡದ ಎಣಿಕೆ ಸಂಜೆಯಾಗುವಷ್ಟರಲ್ಲಿ ಅವಳಿಗೆ ತಡವರಿಸದೆ ಬರುತ್ತಿತ್ತು, ಏಕೆಂದರೆ ಗೆಲ್ಲಬೇಕಾದರೆ ಅಜ್ಜಿಯ ಕೈಯಲ್ಲಿ ಉಳಿದ ಬೀಜಗಳ ಲೆಕ್ಕ ಅವಳಿಗೆ ಬೇಕಾಗಿತ್ತು.

ಅಡುಗೆಮನೆಯಲ್ಲಿ ಆಗಿದ್ದಾದರೂ ಏನು? ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳದ ಡಬ್ಬ ತೆರೆಯಿತು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಪಲ್ಯ ಮಾಡಿದರು. ಮರದ ಮೇಲೆ ಬೆಳೆದ ಮರಕೆಸುವಿನ ಎಲೆಗಳನ್ನು ಅತ್ತಿಗೆ ಹಿಂದಿನ ದಿನವೇ ಕೊಯ್ದಿಟ್ಟಿದ್ದರಿಂದ, ಅಕ್ಕಿ, ಹುಣಸೆ, ಬೆಲ್ಲ, ಮೆಣಸು ಸೇರಿಸಿ ರುಬ್ಬಿದ ಹಿಟ್ಟನ್ನು ಎಲೆಯ ಮೇಲೆ ಎಲೆಯಿಟ್ಟು ಸವರಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವ ಪತ್ರೊಡೆಯ ಕೆಲಸಕ್ಕೆ ಮಕ್ಕಳೂ ಕೈಜೋಡಿಸಿದರು. ಆಟಿಯೆಂದರೆ ಹಿಂದೆ ಅಭಾವದ ತಿಂಗಳು. ಕೂಲಿಯಿಲ್ಲ, ಕಣಜದಲ್ಲಿ ಭತ್ತ ತಳ ಕಂಡಿರುತ್ತಿತ್ತು, ಕಡಲಿಗೆ ದೋಣಿ ಇಳಿಯುತ್ತಿರಲಿಲ್ಲ. ಬೇಸಗೆಯಲ್ಲಿ ಹೆಂಗಸರು ಬೆನ್ನು ಬಗ್ಗಿಸಿ ಒಣಗಿಸಿಟ್ಟದ್ದೇ ಮನೆಮಂದಿಯನ್ನು ಆ ದಿನಗಳಿಂದ ದಾಟಿಸುತ್ತಿತ್ತು. ನಮ್ಮ ಪಾಲಿಗೆ ಇಂದು ರುಚಿಯಾಗಿರುವ ಈ ತಿನಿಸುಗಳ ಹಿಂದೆ ಅವರ ದುಡಿಮೆಯಿದೆ ಎಂಬುದನ್ನು ಮಕ್ಕಳಿಗೆ ಹೇಳಲು, ಹಪ್ಪಳ ಕೈಯಲ್ಲಿರುವ ಹೊತ್ತಿಗಿಂತ ಒಳ್ಳೆಯ ಸಮಯ ನನಗೆ ಸಿಕ್ಕದು.

ಬಾಸ್ಟನ್ನಿನ ಸುತ್ತಮುತ್ತ ನೆಲೆಸಿರುವ ನಮಗೆ ಇಂಥ ದಿನವೊಂದು ಜನವರಿ, ಫೆಬ್ರವರಿಯಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಬೆಳಗಿನ ಐದಕ್ಕೆ ಶಾಲೆಯ ಕರೆ, ಕಿಟಕಿಯಾಚೆ ಗುರುತು ಸಿಗದಂತಾದ ಬೀದಿ. 2014-15ರ ಚಳಿಗಾಲವನ್ನು ಇಲ್ಲಿ ಕಳೆದವರು ಅದನ್ನು ಮರೆತಿರಲಾರರು. ಆ ಒಂದೇ ಋತುವಿನಲ್ಲಿ ಬಾಸ್ಟನ್ನಿನಲ್ಲಿ ಬಿದ್ದ ಹಿಮ 110.6 ಇಂಚು, ಎಂದರೆ ಸುಮಾರು 281 ಸೆಂಟಿಮೀಟರ್, ಇದು ನಗರದ ದಾಖಲೆ. ಹತ್ತು ಇಂಚು ಹಿಮ ಕರಗಿದರೆ ಸುಮಾರು ಒಂದು ಇಂಚು ನೀರು ಎಂಬ ಸಾಮಾನ್ಯ ಲೆಕ್ಕ ಹಿಡಿದರೆ, ಇಡೀ ಚಳಿಗಾಲದ ಆ ರಾಶಿಯೆಲ್ಲ ಸೇರಿ ಸುಮಾರು 28 ಸೆಂಟಿಮೀಟರ್ ನೀರಷ್ಟೇ ಆಗುತ್ತದೆ. ರೆಡ್ ಅಲರ್ಟಿನ ಒಂದೂವರೆ ದಿನದಲ್ಲಿ ಉಡುಪಿಯ ಆಕಾಶ ಅಷ್ಟನ್ನು ಸುರಿಸಿಬಿಡಬಲ್ಲದು. ನಮ್ಮ ಮಕ್ಕಳಿಗೆ ಈ ಲೆಕ್ಕ ಹೇಳಿ ನೋಡಿ. ಅಜ್ಜಿಯ ಊರಿನ ಮಳೆಯ ಮೇಲೆ ಅವರಿಗೆ ಹೊಸ ಗೌರವ ಹುಟ್ಟುತ್ತದೆ.

ಎರಡೂ ಕಡೆಯ ರಜೆಗಳಲ್ಲಿ ಒಂದೇ ಗುಣವಿದೆ: ಅದಕ್ಕೆ ಯಾರೂ ಮೊದಲೇ ಕಾರ್ಯಕ್ರಮ ಹಾಕಿಕೊಂಡಿರುವುದಿಲ್ಲ. ನಮ್ಮ ಶನಿವಾರ, ಭಾನುವಾರಗಳು ನೃತ್ಯ, ಈಜು, ಗಣಿತ, ಹುಟ್ಟುಹಬ್ಬಗಳ ನಡುವೆ ಹಂಚಿಹೋಗಿವೆ. ಯಾರೂ ಎಲ್ಲಿಗೂ ಹೊರಡಬೇಕಿಲ್ಲದ ಹಗಲು ಆಕಾಶ ಕೊಟ್ಟರೆ ಮಾತ್ರ ಸಿಗುತ್ತದೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ನಿಯಮವೇ ಇದಕ್ಕೆ ಜಾಗ ಬಿಟ್ಟಿದೆ; ಶಾಲೆಗಳು 185 ದಿನಗಳ ವೇಳಾಪಟ್ಟಿ ಹಾಕಿಕೊಂಡು ಕನಿಷ್ಠ 180 ದಿನ ಪಾಠ ನಡೆಸಬೇಕು, ನಡುವಿನ ಐದು ದಿನಗಳನ್ನು ಹಿಮ ತೆಗೆದುಕೊಳ್ಳಬಹುದು. ಊರಿನಲ್ಲಿ ಮಳೆಗೆ ಹೋದ ದಿನಗಳನ್ನು ಬಿಡುವಿನ ದಿನಗಳಲ್ಲಿ ತರಗತಿ ನಡೆಸಿ ಸರಿದೂಗಿಸುತ್ತಾರೆ, ಅದೂ ನ್ಯಾಯವೇ. ಆದರೆ ಕೋವಿಡ್ ಕಾಲದ ಆನ್‌ಲೈನ್ ಪಾಠದ ರೂಢಿ ಈ ದಿನಗಳನ್ನು ಎರಡೂ ಕಡೆ ನುಂಗಲು ಹೊರಟಿರುವುದು ನನ್ನನ್ನು ಕಾಡುತ್ತಿದೆ. ನ್ಯೂಯಾರ್ಕ್ ನಗರ ಹಿಮದ ರಜೆಯನ್ನು ಕೈಬಿಟ್ಟು, 2024ರ ಫೆಬ್ರವರಿ 13ರಂದು ಹಿಮಪಾತದ ನಡುವೆ ಮಕ್ಕಳನ್ನು ಪರದೆಯ ಮುಂದೆ ಕೂರಿಸಿತು. ಆ ಬೆಳಗ್ಗೆ ಎಷ್ಟೋ ಮಕ್ಕಳಿಗೆ ಲಾಗಿನ್ ಆಗುವುದೇ ಕಷ್ಟವಾಯಿತು. ಲಾಗಿನ್ ಸುಸೂತ್ರವಾಗಿ ಆಗಿದ್ದರೂ ನನ್ನ ಅಭಿಪ್ರಾಯ ಬದಲಾಗುತ್ತಿರಲಿಲ್ಲ. ಒಂದು ದಿನದ ಪಾಠವನ್ನು ಜೂನ್ ತಿಂಗಳಲ್ಲಿ ಕಲಿಯಬಹುದು, ಅಪ್ಪ, ಅಮ್ಮ ಇಬ್ಬರೂ ಅವಸರವಿಲ್ಲದೆ ಮನೆಯಲ್ಲಿರುವ ಹಗಲನ್ನು ಜೂನ್ ಹಿಂದಿರುಗಿಸುವುದಿಲ್ಲ.

ಆದ್ದರಿಂದ ಬರುವ ಚಳಿಗಾಲಕ್ಕೆ ಸದಸ್ಯರಲ್ಲಿ ಕೆಲವು ವಿನಂತಿಗಳಿವೆ. ಹಿಮದ ರಜೆ ಬಂದ ದಿನ ಬೆಳಗಿನ ಎಂಟು ಗಂಟೆಗೆ ಊರಿಗೆ ಫೋನ್ ಮಾಡಿ. ಅಲ್ಲಿ ಆಗ ಸಂಜೆ ಆರೂವರೆ, ದೇವರ ದೀಪ ಹಚ್ಚಿ ಹಿರಿಯರು ಬಿಡುವಾಗಿ ಕೂತಿರುವ ಹೊತ್ತು. ವಾರದ ದಿನಗಳಲ್ಲಿ ನಾವು ಎದ್ದು ಓಡುವ ಆ ಗಳಿಗೆಯಲ್ಲಿ ಮೊಮ್ಮಕ್ಕಳು ಅವರೊಂದಿಗೆ ಸಾವಕಾಶವಾಗಿ ಮಾತನಾಡಲಿ, ಹಿಮ ತೋರಿಸಲಿ, ಅವರ ಕಾಲದ ಮಳೆಗಾಲವನ್ನು ಕೇಳಲಿ. ಬೇಸಗೆಯಲ್ಲಿ ಊರಿನಿಂದ ತಂದ ಹಪ್ಪಳದಲ್ಲಿ ಒಂದು ಕಟ್ಟನ್ನು ಆ ದಿನಕ್ಕೆಂದು ತೆಗೆದಿಡಿ. ಅಟ್ಟದಲ್ಲಿ ಚೆನ್ನೆಮಣೆ ಇರುವವರು ಅದನ್ನು ನೆರೆಯ ಕನ್ನಡ ಮನೆಯ ಮಕ್ಕಳಿಗೂ ಕಲಿಸಿ.

ಇನ್ನೊಂದು ವಿಷಯ ಸಂಘಕ್ಕೆ ಸಂಬಂಧಿಸಿದ್ದು. ಹಿಮದಿಂದಾಗಿ ಭಾನುವಾರದ ಕನ್ನಡ ತರಗತಿ ನಿಂತರೆ ಅದೇ ದಿನ ಜೂಮ್‌ನಲ್ಲಿ ನಡೆಸುವ ಪದ್ಧತಿ ನಮ್ಮಲ್ಲಿದೆ. ಅದನ್ನು ಬಿಟ್ಟು, ಆ ದಿನವನ್ನು ಮನೆಯವರಿಗೇ ಕೊಟ್ಟು, ಏಪ್ರಿಲ್ ಕೊನೆಯಲ್ಲಿ ಹೆಚ್ಚಿನ ತರಗತಿ ನಡೆಸೋಣವೆಂಬ ಪ್ರಸ್ತಾವವನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ಪೋಷಕರೂ ಶಿಕ್ಷಕರೂ ತಮ್ಮ ಅಭಿಪ್ರಾಯವನ್ನು ಅದಕ್ಕೆ ಮೊದಲು ಬರೆದು ಕಳುಹಿಸಬೇಕೆಂದು ಕೋರುತ್ತೇನೆ.