ಮೊದಲು ಜನನ ಪತ್ರ, ಆಮೇಲೆ ಡಿಎನ್‌ಎ

ಮಡಿಕೇರಿ

ಪ್ರೀತಿಯ ಪುಷ್ಪ,

ಮಗು ಹುಟ್ಟಿ ಹನ್ನೆರಡು ದಿನವಾಗಿಲ್ಲ, ಆಗಲೇ ಡಿಎನ್‌ಎ ಪರೀಕ್ಷೆ ಮಾಡಿಸಿ, ಮಗು ತನ್ನದಲ್ಲ ಅನ್ನುವ ಅದರಪ್ಪನ ಬಾಯಿ ಮುಚ್ಚಿಸ್ತೀನಿ ಅಂತ ಹೊರಟಿದ್ದೀಯಂತೆ. ತಡಿ ಮಗಳೇ, ಅದು ಕೊನೆಯ ಕೆಲಸ.

ಮೊದಲು ಜನನ ನೋಂದಣಿ. 21 ದಿನದೊಳಗಾದರೆ ಶುಲ್ಕವಿಲ್ಲ. ಅಪ್ಪನ ಹೆಸರಿಲ್ಲದೆ ಆಗೋದಿಲ್ಲ ಅಂದರೆ ಸುಮ್ಮನೆ ವಾಪಸ್ ಬರಬೇಡ. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಸಾಕು, ಪತ್ರ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಊರವರ ಬಾಯಿಗೆ ಹೆದರಿ ಇನ್ಯಾರದೋ ಹೆಸರು ಬರೆಸಿಬಿಟ್ಟೀಯ, ಜೋಕೆ. ತಿದ್ದಿಸುವುದು ದೊಡ್ಡ ರಗಳೆ. ನಾಳೆ ಅವನ ವಕೀಲ ಹಿಡಿದೆಳೆಯುವ ಮೊದಲ ಎಳೆಯೂ ಅದೇ. ಆ ಜಾಗ ಖಾಲಿ ಇರಲಿ.

ಆಮೇಲೆ ಮಗುವಿನ ಹೆಸರಲ್ಲಿ ಜೀವನಾಂಶದ ಅರ್ಜಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅನ್ನುತ್ತಿದ್ದರು, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 144. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಅಪ್ಪ ಕೊಡಬೇಕು. ನಿನಗೆ ಅದರಲ್ಲಿ ಸಿಗುವುದು ಕಷ್ಟ, ಅದು ಹೆಂಡತಿಗೆ ಮಾತ್ರ. ಸಂಸಾರದ ಹಾಗೆ ಒಟ್ಟಿಗಿದ್ದಿರಲ್ಲ, ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ನಿನಗೇನಾದರೂ ದಾರಿ ಇದೆಯೇ ಎಂದು ವಕೀಲರನ್ನು ಕೇಳು. ಅವನು ಬೆಂಗಳೂರಿಗೆ ಓಡಿದ್ದರೂ ಅಡ್ಡಿಯಿಲ್ಲ; ನೀವು ಕೊನೆಗೆ ಕೂಡಿ ಇದ್ದದ್ದು ಕುಶಾಲನಗರದ ಬಾಡಿಗೆ ಮನೆ, ಕೊಡಗಿನಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಸಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ; 15100ಕ್ಕೆ ಫೋನ್ ಮಾಡು. ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶ, ಅಂದರೆ ತೀರ್ಪು ಬರುವ ತನಕದ್ದು, ಕೇಳು. ನೋಟಿಸು ಮುಟ್ಟಿ 60 ದಿನದೊಳಗೆ, ಸಾಧ್ಯವಾದಷ್ಟೂ, ಅದು ತೀರ್ಮಾನವಾಗಬೇಕು.

ತನಗೇನೂ ಆದಾಯವಿಲ್ಲ ಅಂತಾನೆ, ನೋಡು. ಪಹಣಿ ತೆಗೆಸಿದರೆ ಸಾಲದು. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಾಗವಾದರೆ ಅದರಲ್ಲಿ ಒಕ್ಕದವರ, ಅಂದರೆ ಮನೆತನದವರ, ಹೆಸರೆಲ್ಲ ಇರುತ್ತೆ, ಇವನ ಪಾಲೆಷ್ಟು ಅಂತ ತಿಳಿಯೋದಿಲ್ಲ. ಕಾಫಿ ಮಾರಿದ ಬಿಲ್ಲು, ಬ್ಯಾಂಕ್ ಲೆಕ್ಕ ಹಾಜರುಪಡಿಸಲು ಕೋರ್ಟಿನಿಂದ ಹೇಳಿಸು.

ಇನ್ನು ಡಿಎನ್‌ಎ. ಕೇಳಿದ ಮಾತ್ರಕ್ಕೆ ಕೋರ್ಟು ಕೊಡುವುದಿಲ್ಲ, ಮೇಲ್ನೋಟಕ್ಕಾದರೂ ಪುರಾವೆ ಬೇಕು. ಬಾಡಿಗೆ ಕರಾರು, ಅವನು ಕಳಿಸಿದ ದುಡ್ಡಿನ ವಿವರ, ಗಂಡ ಅಂತ ಅವನೇ ಸಹಿ ಹಾಕಿದ ಆಸ್ಪತ್ರೆ ಕಾಗದ ಇವೆಲ್ಲ ಪ್ಲಾಸ್ಟಿಕ್ ಕವರಿನಲ್ಲಿರಲಿ. ಈ ಮಳೆಯಲ್ಲಿ ಬೀರುವಿನೊಳಗೂ ಬೂಸ್ಟು ಹಿಡಿಯುತ್ತೆ. ವಾಟ್ಸಾಪ್ ಮಾತುಗಳು ಇರುವ ಆ ಹಳೆ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡ. ಸ್ಕ್ರೀನ್‌ಶಾಟ್ ಪ್ರಿಂಟು ಮಾತ್ರ ನಡೆಯದು, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣ ಪತ್ರವೂ ಜೊತೆಗೆ ಬೇಕು. ಅವನ ಬಾಚಣಿಗೆಯ ಕೂದಲು ಕದ್ದು ಖಾಸಗಿ ಲ್ಯಾಬಿಗೆ ಕಳಿಸುವ ಯೋಚನೆ ಇದ್ದರೆ ಬಿಡು. ಅದು ಅವನದೇ ಕೂದಲು ಅಂತ ಹೇಳುವವರು ಯಾರು? ಕೋರ್ಟು ಹೇಳಿದ ಮೇಲೂ ಅವನು ರಕ್ತ ಕೊಡದಿದ್ದರೆ, ಆ ನಿರಾಕರಣೆಯನ್ನೇ ಅವನ ವಿರುದ್ಧ ಪರಿಗಣಿಸಬಹುದು.

ರಾಜಿ ಅಂತ ಅವನ ಕಡೆಯವರು ಛಾಪಾ ಕಾಗದ ಹಿಡಿದು ಬಂದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡ. ನಾಡಿದ್ದು ಶುಕ್ರವಾರ ಮಗುವನ್ನು ಅಮ್ಮನ ಹತ್ತಿರ ಬಿಟ್ಟು, ನಿನ್ನ ಆಧಾರ್ ಹಿಡಿದು ಮಡಿಕೇರಿಗೆ ಬಾ.

ನಿನ್ನ
ದೊಡ್ಡಮ್ಮ