ಗುಮ್ಮಟವಿಲ್ಲದ ಮಸೀದಿಯ ಐದು ಅಂಗಳಗಳು

ಶಿಯಾನ್

ಪ್ರೀತಿಯ ಅಪ್ಪಯ್ಯ, ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ಅಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಚೀನಾದ ಮೊದಲ ಚಕ್ರವರ್ತಿಯ ಗೋರಿಯ ಮಣ್ಣಿನ ಸೈನಿಕರನ್ನು ಬಿಟ್ಟರೆ ಶಿಯಾನ್‌ನಲ್ಲಿ ಇನ್ನೇನು ನೋಡುವಂಥದ್ದಿದೆ ಎಂದು ಅಪ್ಪಯ್ಯ ಕೇಳಿದ್ದರು. ಮರಗೆಲಸದ ಮೇಲೆ ಪ್ರೀತಿ ಇರುವವರು ಇಲ್ಲಿ ಮೊದಲು ನೋಡಬೇಕಾದದ್ದು ಹುವಾಜ್ಯುಯೆ ಓಣಿಯ ದೊಡ್ಡ ಮಸೀದಿಯನ್ನು. ಹೊರಡುವ ಮುಂಚೆ ಒಮ್ಮೆ ಓದಿಕೊಳ್ಳಲಿ ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ವಿಜಯಪುರದಲ್ಲಿ ನೋಡಿದಂಥ ಗುಮ್ಮಟ, ಮಿನಾರು ಇಲ್ಲಿ ಹುಡುಕಬೇಡಿ, ಒಂದೂ ಇಲ್ಲ. ಪೂರ್ವ–ಪಶ್ಚಿಮವಾಗಿ ಸುಮಾರು 250 ಮೀಟರ್ ಉದ್ದ, 50 ಮೀಟರ್ ಅಗಲದ ಜಾಗದಲ್ಲಿ ಒಂದರ ಹಿಂದೆ ಒಂದು ಐದು ಅಂಗಳಗಳಿವೆ. ಮಂಟಪ, ಕಲ್ಲಿನ ಕಮಾನು, ಮೀನಿನ ಕೊಳ, ಕೃತಕ ಗುಡ್ಡ, ಎಲ್ಲವೂ ಚೀನೀ ತೋಟದಲ್ಲಿ ಇರುವಂಥವೇ. ಆದರೆ ಚೀನಾದ ದೇವಾಲಯ, ಅರಮನೆಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡುತ್ತವೆ. ಇಲ್ಲಿ ಮಾತ್ರ ಇಡೀ ತೋಟ ಪಶ್ಚಿಮದ ಕಡೆಗೆ ಸಾಗುತ್ತದೆ, ಏಕೆಂದರೆ ಮೆಕ್ಕಾ ಇರುವುದು ಆ ದಿಕ್ಕಿಗೆ. ಈ ಒಂದು ತಿರುವಿನಿಂದ ತೋಟದ ಒಂದೊಂದು ಅಂಗಕ್ಕೂ ಹೊಸ ಕೆಲಸ ಬಂದಿದೆ. ಅದನ್ನು ಗಮನಿಸುತ್ತ ನಡೆದರೆ ಒಂದೂವರೆ ಗಂಟೆಯಾದರೂ ಬೇಕು.

ಒಂದು ಶಾಸನ ಈ ಮಸೀದಿಯನ್ನು ಟಾಂಗ್ ರಾಜವಂಶದ ಕಾಲದ 742ಕ್ಕೆ ಒಯ್ಯುತ್ತದೆ. ಆದರೆ ಆ ಬರಹದ ಶೈಲಿ ಶತಮಾನಗಳ ನಂತರದ ಮಿಂಗ್ ರಾಜವಂಶದ ಕಾಲದ್ದೆಂದು ವಿದ್ವಾಂಸರು ತಕರಾರು ಎತ್ತಿದ್ದಾರೆ, ನನಗೂ ಅವರ ಮಾತೇ ಸರಿ ಎನಿಸುತ್ತದೆ. ಅರಬ್, ಪರ್ಷಿಯಾದ ವ್ಯಾಪಾರಿಗಳು ಅಷ್ಟು ಹಿಂದೆಯೇ ಈ ಊರಿಗೆ, ಅಂದಿನ ಚಾಂಗ್‌ಆನ್‌ಗೆ, ಬಂದದ್ದು ನಿಜ. ಈಗ ಕಾಣುವ ವಿನ್ಯಾಸ ಮಾತ್ರ 1392ರಲ್ಲಿ ಕಟ್ಟಿದ್ದರಿಂದ ಬಂದದ್ದು. ನೌಕಾಧಿಪತಿ ಜೆಂಗ್ ಹೆ 1413ರಲ್ಲಿ ಹೊರಟ ಯಾನಕ್ಕೆ ಅರಬ್ಬಿ ಬಲ್ಲ ದುಭಾಷಿಯಾಗಿ ಹೋದವರು ಇದೇ ಊರಿನ ದಾಶ್ಯುಯೆಶಿ ಓಣಿಯ ಮಸೀದಿಯ ಇಮಾಮರಾಗಿದ್ದ ಹಸನ್. ಆ ಹಡಗುಗಳು ನಮ್ಮ ಪಡುಗಡಲಿನ ಕಲ್ಲಿಕೋಟೆಯನ್ನು ಮುಟ್ಟಿಯೇ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ಗೆ ಸಾಗಿದವು.

ದಾರಿ ಹೀಗೆ: ಮೆಟ್ರೋ ಎರಡನೇ ಮಾರ್ಗದಲ್ಲಿ ಗಂಟೆ ಗೋಪುರದ ನಿಲ್ದಾಣಕ್ಕೆ ಬಂದು, ಅಲ್ಲಿಂದ ಹತ್ತಿರದ ನಗಾರಿ ಗೋಪುರದ ಕೆಳಗಿನ ಕಮಾನು ದಾಟಿ, ಉತ್ತರಕ್ಕೆ ಹೋದ ಕೂಡಲೇ ಎಡಕ್ಕೆ ತಿರುಗಬೇಕು. ಎರಡೂ ಕಡೆ ಅಂಗಡಿಗಳಿರುವ ಇಕ್ಕಟ್ಟಿನ ಓಣಿ. ಟ್ಯಾಕ್ಸಿಯವರಿಗೆ ಬರೀ ‘ಮಸೀದಿ’ ಎಂದರೆ ಎಡವಟ್ಟಾಗುತ್ತದೆ. ಈ ಕೇರಿಯಲ್ಲಿ ಹಲವು ಮಸೀದಿಗಳಿವೆ, ದಾಶ್ಯುಯೆಶಿ ಓಣಿಯ ಇನ್ನೊಂದು ಹಳೆಯ ಮಸೀದಿಯ ಮುಂದೆ ಇಳಿಸಿಬಿಡುತ್ತಾರೆ. ಊರಿನವರು ಅದನ್ನು ಪಶ್ಚಿಮದ ದೊಡ್ಡ ಮಸೀದಿ, ಇದನ್ನು ಪೂರ್ವದ ದೊಡ್ಡ ಮಸೀದಿ ಎನ್ನುತ್ತಾರೆ. ಚೀನೀ ಅಕ್ಷರದಲ್ಲಿ ಹೆಸರು ಬರೆದ ಚೀಟಿ ಕೊಡುತ್ತೇನೆ, ಅಪ್ಪಯ್ಯನ ಜೇಬಿನಲ್ಲಿರಲಿ. ಗೂಗಲ್ ಮ್ಯಾಪ್ ಇಲ್ಲಿ ನೆಚ್ಚುವಂತಿಲ್ಲ.

ಬೆಳಗ್ಗೆಯೇ ಹೋಗಬೇಕು. ಪ್ರಾರ್ಥನಾ ಮಂದಿರದ ಮುಂಭಾಗ ಪೂರ್ವಕ್ಕಿರುವುದರಿಂದ ಎಳೆಬಿಸಿಲು ನೇರವಾಗಿ ಅದರ ನೀಲಿ ಹೆಂಚಿನ ಮೇಲೂ ಕಂಬಗಳ ಮೇಲೂ ಬೀಳುತ್ತದೆ. ಮಧ್ಯಾಹ್ನ ದಾಟಿದರೆ ಸೂರ್ಯ ಹಿಂದಕ್ಕೆ ಸರಿದು ಕೆತ್ತನೆಯೆಲ್ಲ ನೆರಳಿಗೆ ಬೀಳುತ್ತದೆ. ಶುಕ್ರವಾರ ಮಧ್ಯಾಹ್ನವಂತೂ ಬೇಡ, ಅದು ಅವರ ಸಾಮೂಹಿಕ ನಮಾಜಿನ ಹೊತ್ತು.

ಪ್ರವೇಶ ಪಕ್ಕದ ಗೋಡೆಯ ಬಾಗಿಲಿನಿಂದ. ಒಳಗೆ ಬಂದವರೆಲ್ಲ ಗುಂಪಿನ ಹಿಂದೆ ಸೀದಾ ಪಶ್ಚಿಮಕ್ಕೆ ನಡೆದುಬಿಡುತ್ತಾರೆ. ನೀವು ಮೊದಲು ಪೂರ್ವದ ತುದಿಗೆ ಹೋಗಿ ಇಟ್ಟಿಗೆ ಕೆತ್ತನೆಯ ತಡೆಗೋಡೆ ನೋಡಿ, ಅದಕ್ಕೆ ಬೆನ್ನು ಹಾಕಿ ನಿಲ್ಲಿ. ಆಗ ಎದುರಿಗೆ ಸುಮಾರು 9 ಮೀಟರ್ ಎತ್ತರದ ಮರದ ಕಮಾನು. ಅಪ್ಪಯ್ಯ, ಇಲ್ಲಿ ಅವಸರ ಮಾಡಬೇಡಿ. ಸೂರಿನ ಕೆಳಗೆ ಬೋದಿಗೆಗಳ ಗೊಂಚಲಿದೆ, ಇದಕ್ಕೆ ದೌಗೊಂಗ್ ಎನ್ನುತ್ತಾರೆ. ಕೆಳಗೊಂದು ಚೌಕ ದಿಮ್ಮಿ, ಅದರ ಕುಳಿಯಲ್ಲಿ ಅಡ್ಡಡ್ಡವಾಗಿ ಕೂತ ತೋಳುಗಳು, ತೋಳಿನ ತುದಿಯಲ್ಲಿ ಸಣ್ಣ ದಿಮ್ಮಿ, ಅದರ ಮೇಲೆ ಇನ್ನೂ ಉದ್ದದ ತೋಳು. ಹಿಡಿದಿರುವುದು ಮೊಳೆಯಲ್ಲ, ಕುಳಿಗೆ ಕೂತ ಚಾಚು. ಪ್ರತಿ ವರಸೆಯೂ ಸೂರನ್ನು ಒಂದಿಷ್ಟು ಹೊರಗೆ ಚಾಚಿಸಿ, ಭಾರವನ್ನು ಒಳಕ್ಕೆ ಕಂಬದ ಮೇಲೆ ತರುತ್ತದೆ. ಸೂರು ಚಾಚಿದಷ್ಟೂ ಮಳೆ ಮರದಿಂದ ದೂರ ಬೀಳುತ್ತದೆ. ಇಂಥ ಕಟ್ಟಡ ಕೆಡುವುದು ಬುಡದಿಂದ ಮಾತ್ರವಲ್ಲ, ತಲೆಯಿಂದಲೂ. ಒಂದು ಹೆಂಚು ಜರುಗಿದರೆ ನೀರು ಇಳಿದು ದಿಮ್ಮಿಯ ಕುಳಿಯಲ್ಲೇ ನಿಲ್ಲುತ್ತದೆ, ಕುಳಿ ಕೊಳೆತರೆ ತೋಳು ಬಾಗುತ್ತದೆ, ಸೂರಿನ ಗೆರೆ ಜೋಲುತ್ತದೆ. ಹೆಂಚಿನ ದುರಸ್ತಿ ಮೇಲಿಂದ ಮೇಲೆ ನಡೆಯಲೇಬೇಕು.

ಎರಡನೇ ಅಂಗಳದಲ್ಲಿ ಅದೇ ಆಕಾರದ ಕಮಾನು ಕಲ್ಲಿನಲ್ಲಿದೆ, ಮೂರು ದ್ವಾರ, ನಾಲ್ಕು ಕಂಬ. ಮರದ ಜೋಡಣೆಯನ್ನು ಕಲ್ಲಿನಲ್ಲಿ ಅನುಕರಿಸಿದ್ದಾರೆ. ಮುಂದೆ ಎರಡು ಶಾಸನಗಳು, ಒಂದರಲ್ಲಿ ಸಾಂಗ್ ಕಾಲದ ಮೀ ಫೂ ಕೈಬರಹ, ಇನ್ನೊಂದರಲ್ಲಿ ಮಿಂಗ್ ಕಾಲದ ಡಾಂಗ್ ಚೀಚಾಂಗ್ ಕೈಬರಹ. ಚೀನೀ ಅಕ್ಷರಕಲೆಯಲ್ಲಿ ಇಬ್ಬರದೂ ಬಹು ದೊಡ್ಡ ಹೆಸರು.

ಮೂರನೆಯದರ ನಡುವೆ ಶಿಂಗ್‌ಶಿನ್ ಗೋಪುರ: ಎಂಟು ಮೂಲೆ, ಎರಡು ಅಂತಸ್ತು, ಮೂರು ಸೂರು. ನೋಡಲು ಪಗೋಡದಂತಿದ್ದರೂ ಬಾಂಗ್ ಕೂಗಲೆಂದೇ ಕಟ್ಟಿದ್ದು. ಇಲ್ಲಿ ಸಿಗುವ ಅರಬ್ಬಿ ಬರಹವನ್ನು ಹತ್ತಿರದಿಂದ ನೋಡಿ. ಚೀನೀ ಕುಂಚದ ಕೈಚಳಕ ಬೆರೆತ ಲಿಪಿ ಇದು, ಗೆರೆ ಒಂದು ಕಡೆ ದಪ್ಪಗೆ ಉಬ್ಬಿ ಕೊನೆಗೆ ಚೂಪಾಗಿ ಸರಿಯುತ್ತದೆ. ಚೀನಾದ ಮುಸ್ಲಿಮರು ತಾವೇ ಬೆಳೆಸಿಕೊಂಡ ಶೈಲಿ.

ನಾಲ್ಕನೆಯದರಲ್ಲಿ ಫೀನಿಕ್ಸ್ ಮಂಟಪ. ನಡುವೆ ಆರು ಮೂಲೆಯ ಮಂಟಪ, ಅಕ್ಕಪಕ್ಕದಲ್ಲಿ ಎರಡು ಸಣ್ಣವು, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ. ಅದು ನೋಟವನ್ನು ತಡೆಯುತ್ತದೆ, ಅದನ್ನೂ ಹಿಂದಿನ ಕೊಳಗಳನ್ನೂ ದಾಟಿದ ಮೇಲೆಯೇ ವಿಶಾಲವಾದ ಕಲ್ಲಿನ ಜಗಲಿ, ಅದರಾಚೆ ಪ್ರಾರ್ಥನಾ ಮಂದಿರ ಪೂರ್ತಿ ಕಾಣುವುದು. ಸುಮಾರು 1,300 ಚದರ ಮೀಟರ್ ಮಂದಿರ, ಸಾವಿರ ಜನ ಒಟ್ಟಿಗೆ ನಮಾಜು ಮಾಡಬಹುದು. ಚಾವಣಿಯಲ್ಲಿ ನೂರಾರು ಚೌಕಗಳು, ಒಂದೊಂದರಲ್ಲೂ ಬಣ್ಣದ ಬಳ್ಳಿ, ಅಕ್ಷರ. ಒಳಗೋಡೆಯ ಮರದ ಹಲಗೆಗಳಲ್ಲಿ ಕುರಾನನ್ನು ಅರಬ್ಬಿ, ಚೀನೀ ಎರಡರಲ್ಲೂ ಕೆತ್ತಿದ್ದಾರೆ. ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಬಾಗಿಲಲ್ಲೇ ನಿಂತು ನೋಡಬೇಕು. ಅಪ್ಪಯ್ಯನ ಹಳೆಯ ಬೈನಾಕ್ಯುಲರ್ ತನ್ನಿ, ಉಪಯೋಗಕ್ಕೆ ಬರುತ್ತದೆ. ನಮಾಜಿಗೆ ಬಂದವರ ಫೋಟೋ ತೆಗೆಯಬೇಡಿ.

ಬಹಳ ಜನ ಇಲ್ಲಿಗೇ ಮುಗಿಯಿತೆಂದು ವಾಪಸಾಗುತ್ತಾರೆ. ಮಂದಿರದ ಪಕ್ಕದಲ್ಲಿರುವ ದುಂಡು ಬಾಗಿಲು ತೆರೆದಿದ್ದರೆ ಹಿಂದಕ್ಕೂ ಹೋಗಿ ಬನ್ನಿ. ಅಲ್ಲಿ ಎರಡು ಕೃತಕ ಗುಡ್ಡಗಳಿವೆ. ಬೇರೆ ತೋಟಗಳಲ್ಲಿ ಇಂಥ ಗುಡ್ಡ ಬೆಟ್ಟದ ನೆನಪಿಗಾಗಿ ಇರುತ್ತದೆ. ಇಲ್ಲಿ ಅಮಾವಾಸ್ಯೆ ಕಳೆದ ಮೇಲಿನ ಎಳೆಚಂದ್ರನನ್ನು ಹತ್ತಿ ನೋಡುವುದಕ್ಕೆ. ಎಳೆಚಂದ್ರ ಕಾಣುವುದು ಸಂಜೆ ಪಶ್ಚಿಮದಲ್ಲೇ, ಗುಡ್ಡಗಳೂ ತೋಟದ ಪಶ್ಚಿಮದ ತುದಿಯಲ್ಲೇ ಇವೆ. ಇಡೀ ವಿನ್ಯಾಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಅತ್ತೆಯ ಮಂಡಿನೋವಿಗೆ ದೊಡ್ಡ ಮೆಟ್ಟಿಲುಗಳ ಭಯವಿಲ್ಲ, ಆದರೆ ಮರದ ಹೊಸ್ತಿಲುಗಳು ಎತ್ತರ. ತುಳಿಯಬಾರದು, ದಾಟಬೇಕು. ತೋಳು, ಮಂಡಿ ಮುಚ್ಚುವ ಬಟ್ಟೆ ಇರಲಿ. ಊಟಕ್ಕೆ ಪಕ್ಕದ ಬೀದಿಯಲ್ಲಿ ಕುರಿಮಾಂಸದ ಸಾರಿಗೆ ರೊಟ್ಟಿ ಮುರಿದು ಹಾಕುವ ಪಾವ್‌ಮೋ ಸಿಗುತ್ತದೆ. ರೊಟ್ಟಿಯನ್ನು ಕಾಳಿನಷ್ಟು ಸಣ್ಣಗೆ ಮುರಿದು ಕೊಡಬೇಕು, ದಪ್ಪ ತುಂಡಾದರೆ ಒಳಗೆ ಸಾರು ಹಿಡಿಯುವುದಿಲ್ಲ. ಅಮ್ಮನಿಗೆ ಅಂಟಕ್ಕಿ, ಖರ್ಜೂರದಂಥ ಕೆಂಪು ಹಣ್ಣು ಬೇಯಿಸಿದ ಸಿಹಿ ಇದೆ.

ಟಿಕೆಟ್ ಮಾಡುವಾಗ ಅಕ್ಟೋಬರ್ ಮೊದಲ ವಾರ ಬಿಡಿ. ಅದು ಇಲ್ಲಿಯ ರಾಷ್ಟ್ರೀಯ ರಜೆ, ಆ ಓಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 10ನೇ ತಾರೀಕಿನ ನಂತರದ ಯಾವ ದಿನವಾದರೂ ಸರಿ, ತಾರೀಕು ಗೊತ್ತಾದ ಕೂಡಲೇ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು